ಫೋನಿನ ದನಿಗೆ ಊಟ ಆಯಿತೇ?

“ಶರಣ ತಂಗಿ, ಉಂಡಿಯೇನು?” ಕೆಂಭಾವಿಯ ರೈತ ಮಹಿಳೆ ಭೀಮವ್ವ ಫೋನಿನಲ್ಲಿ ಕೇಳಿ, ಉತ್ತರಕ್ಕೆ ಕಾದರು. ಅತ್ತ ಇದ್ದದ್ದು ಕಾಲುವೆ ನೀರಿನ ಪಾಳಿ ತಿಳಿಸಲು ನೀರಾವರಿ ಆಫೀಸಿಗಾಗಿ ನಾವು ರೂಪಿಸಿದ್ದ ಸ್ವಯಂಚಾಲಿತ ಹೆಣ್ಣುದನಿ. “ಪಾಳಿ ತಿಳಿಯಲು ಒಂದನ್ನು ಒತ್ತಿ” ಎಂದಿದ್ದ ಅದು, ಇವರು ಒತ್ತದೇ ಇದ್ದುದರಿಂದ ಕರೆ ಕಡಿದುಕೊಂಡಿತು. ಪಾಳಿ ತಪ್ಪಿದರೆ ಅವರ ಭತ್ತ ಒಣಗುತ್ತಿತ್ತು.

“ಯವ್ವಾ, ಅದು ಮಷೀನ್ ಅದರಿ,” ಎಂದೆ, ಅವರ ಪಕ್ಕದಲ್ಲೇ ಕೂತಿದ್ದ ನಾನು.

“ಇರಲಿ ಬಿಡೋ ತಮ್ಮಾ. ಉಂಡಿಯೇನಂತ ಕೇಳಲಾರ್ದ ಒಮ್ಮಿಗಿಲೆ ನೀರಿನ ಮಾತು ಹ್ಯಾಂಗ ತಗೀಲಿ?”

ಮತ್ತೆ ಕರೆ ಹಚ್ಚಿ, ನಾನೇ ಒಂದನ್ನು ಒತ್ತಿ ಕೊಟ್ಟೆ. ನೀರು ಅಂದು ಸಂಜೆಗೇ ಇತ್ತು.

ಈಗ ಆ ದನಿ “ಶರಣ್ರಿ, ಊಟ ಆತೇನ್ರಿ?” ಎಂದು ಕೇಳಿ, ತುಸು ಹೊತ್ತು ಸುಮ್ಮನಿರುತ್ತದೆ. ಆ ಮೌನ ದಂಡ, ತೆಗೆದುಬಿಡಿ ಎನ್ನುತ್ತಾರೆ ಆಫೀಸಿನವರು. ನಾನು ತೆಗೆಯುವುದಿಲ್ಲ. ಆ ಹೊತ್ತಿನಲ್ಲಿ ಭೀಮವ್ವ ಮಾತಾಡುತ್ತಾರೆ.