ನಾಲ್ಕು ಗಂಟೆಗೆ ಕತ್ತಲಾದ ಊರು

ನೈರೋಬಿಯ ಲೊರೆಶೋ ಬಡಾವಣೆಯ ಕಾತ್ಯಾಯಿನಿ ಇಪ್ಪತ್ತಮೂರು ವರ್ಷಗಳಿಂದ ಕತ್ತಲಾದ ಮೇಲೆ ರಸ್ತೆಯಲ್ಲಿ ನಡೆದವಳಲ್ಲ. ಹೆದರಿಕೆಯ ಮಾತಲ್ಲ ಇದು, ಹಲ್ಲುಜ್ಜುವಂಥ ಅಭ್ಯಾಸ. ನೈರೋಬಿಯಲ್ಲಿ ಜೂನ್ ಆಗಲಿ ಡಿಸೆಂಬರ್ ಆಗಲಿ, ಸೂರ್ಯ ಆರೂವರೆಯ ಆಚೀಚೆ ಮುಳುಗುತ್ತಾನೆ. ಸಂಜೆ ಎನ್ನುವುದು ಅಲ್ಲಿ ಇಪ್ಪತ್ತು ನಿಮಿಷದ ವ್ಯವಹಾರ. ಅಷ್ಟರೊಳಗೆ ಕಾರು ಗೇಟಿನ ಒಳಗೆ ಬಂದಿರಬೇಕು, ಕಾವಲಿನ ಮುಸ್ಯೋಕಾ ಸರಪಳಿ ಬಿಗಿದಿರಬೇಕು, ಮನೆಯವರೆಲ್ಲ ಲೆಕ್ಕಕ್ಕೆ ಸಿಕ್ಕಿರಬೇಕು. ಹಾಗಾಗಿ ಆ ಮನೆಯಲ್ಲಿ ಯಾರೂ ಯಾರಿಗೂ ಇಷ್ಟು ಗಂಟೆಗೆ ಬಾ ಎಂದು ಹೇಳುತ್ತಿರಲಿಲ್ಲ. ಕತ್ತಲಾಗುವುದರೊಳಗೆ ಬಾ ಎಂದರೆ ಮುಗಿಯಿತು.

ಇದೇ ಕಾತ್ಯಾಯಿನಿ ಸ್ಪ್ರಿಂಗ್ ವ್ಯಾಲಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಪ್ರತಿ ವರ್ಷ ಪರದೆ ಎಳೆದು, ಗ್ಲೋಬಿನ ಮೇಲೆ ಟಾರ್ಚ್ ಬಿಟ್ಟು, ಉತ್ತರದ ದೇಶಗಳಿಗೆ ಚಳಿಗಾಲದಲ್ಲಿ ಹಗಲು ಏಕೆ ಗಿಡ್ಡ ಎಂದು ತೋರಿಸುತ್ತಾಳೆ. ತಪ್ಪು ಬರೆದವರ ಅಂಕ ಕತ್ತರಿಸುವುದರಲ್ಲಿ ದಾಕ್ಷಿಣ್ಯವಿಲ್ಲ.

ಗಂಡ ಸದಾಶಿವ ಔಷಧ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಮಾತ್ರೆ ಪ್ಯಾಕ್ ಮಾಡುವ ಹೊಸ ಯಂತ್ರವೊಂದನ್ನು ಕಲಿಯಲು ಕಂಪನಿ ಅವನನ್ನು ಜಪಾನಿಗೆ ಕಳಿಸಿತು. ಶಾಲೆಗೆ ಡಿಸೆಂಬರ್ ರಜೆ. ತರಬೇತಿಗೆ ನಾಲ್ಕು ದಿನ ಮೊದಲೇ ಹೊರಟು, ಹೆಂಡತಿ ಮಗಳನ್ನೂ ಕರೆದುಕೊಂಡು, ಉತ್ತರದ ಬಂದರು ನಗರ ಹಕೊದಾತೆಯನ್ನು ನೋಡುವುದೆಂದು ತೀರ್ಮಾನವಾಯಿತು.

ಮಗಳು ಶರ್ವಾಣಿಗೆ ಹದಿನೆಂಟು. ಅರ್ಧ ಕಿಲೋಮೀಟರ್ ದೂರದ ಅಂಗಡಿಗೂ ಕಾರಿನಲ್ಲಿ ಹೋಗಿ ಬೆಳೆದ ಹುಡುಗಿ. ವಿಮಾನದಲ್ಲಿ ಅವಳು ಒಂದೇ ಒಂದು ಬೇಡಿಕೆ ಇಟ್ಟಳು.

"ಒನ್ ಆಫ್ಟರ್‌ನೂನ್, ಅಮ್ಮ. ಜಸ್ಟ್ ಮಿ. ನಡ್ಕೊಂಡು."

ಕಾತ್ಯಾಯಿನಿ ಯೋಚಿಸಿ ಒಪ್ಪಿದಳು. ಸದಾಶಿವ ಸೀಟಿನ ಬೆಲ್ಟು ಸರಿಪಡಿಸಿಕೊಳ್ಳುತ್ತ, "ನೀನು ಒಪ್ಪಿದೀಯ, ನಿಂದೇ ಜವಾಬ್ದಾರಿ. ಆಮೇಲೆ ನನ್ನ ಕೇಳ್ಬೇಡ" ಎಂದ.

ವಿಮಾನ ನಿಲ್ದಾಣದ ಬಸ್ಸಿನಿಂದ ಹಕೊದಾತೆಯ ರೈಲು ನಿಲ್ದಾಣದ ಮುಂದೆ ಇಳಿದಾಗ ಬೆಳಗಿನ ಹತ್ತು ಗಂಟೆ. ನೆಲವೆಲ್ಲ ಹಿಮ. ಹೋಟೆಲಿನ ಕೋಣೆ ಎರಡನೆಯ ಮಹಡಿಯಲ್ಲಿತ್ತು, ಕಿಟಕಿಗೆ ಸರಳಿರಲಿಲ್ಲ. ಕಾತ್ಯಾಯಿನಿ ಪರದೆ ಸರಿಸಿ ಎರಡೆರಡು ಸಲ ನೋಡಿದಳು. ಕೆಳಗೆ ಅಂಗಡಿಗಳ ಮುಂಭಾಗವೆಲ್ಲ ಬರೀ ಗಾಜು. ಒಂದು ಸೈಕಲ್ಲು ಬೀಗವಿಲ್ಲದೆ ಗೋಡೆಗೆ ಒರಗಿ ನಿಂತಿತ್ತು. ಯಾರೋ ಮರೆತು ಹೋಗಿರಬೇಕು ಎಂದುಕೊಂಡಳು. ಮುಂದಿನ ಬಾಗಿಲ ಬಳಿ ಅಂಥವೇ ಇನ್ನೂ ನಾಲ್ಕಿದ್ದವು.

ಟ್ರಾಮಿನಲ್ಲಿ ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯಬೇಕು, ದುಡ್ಡು ಇಳಿಯುವಾಗ ಕೊಡಬೇಕು. ಇವರು ಮುಂದಿನಿಂದ ಹತ್ತಲು ಹೋಗಿ ಇಳಿಯುವವರಿಗೆಲ್ಲ ಅಡ್ಡವಾದರು. ಚಾಲಕ ಎದ್ದು ನಿಂತು ತಲೆಬಾಗಿ ದಾರಿ ತೋರಿಸಿದ. ಸದಾಶಿವ ಗಲಿಬಿಲಿಗೊಂಡು, ಸ್ವಾಹಿಲಿಯಲ್ಲಿ ಧನ್ಯವಾದ ಹೇಳುತ್ತ, "ಅಸಾಂಟೆ" ಎಂದ.

"ಅಪ್ಪ, ಅವ್ನು ನೈರೋಬಿ ಮಟಾಟು ಬಸ್ ಡ್ರೈವರ್ ಅಲ್ಲ" ಎಂದಳು ಶರ್ವಾಣಿ.

"ಬಾಯಿಗೆ ಅದೇ ಬಂತು. ಏನ್ ಮಾಡ್ಲಿ?"

ಊಟದ ಗೊಂದಲ ಬೇರೆ. ತರಕಾರಿ ಎಂದು ತರಿಸಿದ ಸಾರಿನಲ್ಲಿ ಮೀನಿನ ಚೂರುಗಳು ತೇಲುತ್ತಿದ್ದವು. ಕೊನೆಗೆ ಮೂವರೂ ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು, ನೈರೋಬಿಯಿಂದ ತಂದ ಚಟ್ನಿಪುಡಿ ಕಲಸಿ ತಿಂದರು. ಪಕ್ಕದ ಮೇಜಿನ ಮುದುಕ ಊಟ ನಿಲ್ಲಿಸಿ ನೋಡುತ್ತಿದ್ದ.

ಒಂದೂವರೆಗೆ ಶರ್ವಾಣಿ ಬಂದರು ನೋಡಿ ಬರುತ್ತೇನೆಂದು ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ಇಂಟರ್ನೆಟ್ಟಿಗೆಂದು ಬಾಡಿಗೆಗೆ ತಂದ ಪುಟ್ಟ ಯಂತ್ರ ಒಂದೇ ಇತ್ತು, ಅದಿಲ್ಲದೆ ಯಾರ ಫೋನಿಗೂ ಇಲ್ಲಿ ಕರೆ ಹೋಗುತ್ತಿರಲಿಲ್ಲ. ಅದು ಅಪ್ಪನ ಬಳಿ ಉಳಿಯಿತು. ಹೋಟೆಲಿನ ವಿಳಾಸದ ಕಾರ್ಡು ಅವಳ ಜೇಬಿಗೆ ಹೋಯಿತು.

"ಕತ್ತಲಾಗೋದ್ರೊಳಗೆ ಬಾ" ಎಂದಳು ಕಾತ್ಯಾಯಿನಿ.

"ಐ ನೋ, ಅಮ್ಮ."

ಎರಡು ರಾತ್ರಿ ನಿದ್ದೆಗೆಟ್ಟಿದ್ದರು. ಸದಾಶಿವ ಮಂಚದ ಮೇಲೆ ಉರುಳಿದವನೇ ಗೊರಕೆ ಹೊಡೆದ. ಕಾತ್ಯಾಯಿನಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಮಗಳು ಬರುವ ತನಕ ಕಣ್ಣು ಮುಚ್ಚಬಾರದೆಂದು ನಿಶ್ಚಯಿಸಿ, ಐದು ನಿಮಿಷದಲ್ಲಿ ನಿದ್ದೆಹೋದಳು.

ಎಚ್ಚರವಾದಾಗ ಹೊರಗೆ ಕಗ್ಗತ್ತಲು. ಬೀದಿದೀಪದ ಕೆಳಗೆ ಹಿಮ ಬೀಳುತ್ತಿತ್ತು. ಕೈಗಡಿಯಾರ ನೋಡಿದಳು: ಹತ್ತೂವರೆ. ಮಂಚದ ಮೇಲೆ ಗಂಡ ಒಬ್ಬನೇ.

"ರೀ, ಏಳ್ರಿ. ರಾತ್ರಿ ಹತ್ತೂವರೆ. ಮಗು ಬಂದಿಲ್ಲ."

ಸದಾಶಿವ ಎದ್ದು ಕೂತು ಫೋನ್ ಹುಡುಕಿದ. "ನಾಲ್ಕೂವರೆ ಅಂತ ಇದೆ."

"ಹೊರಗೆ ನೋಡಿ ಮಾತಾಡಿ. ನಿಮ್ ಫೋನ್ ಕೆಟ್ಟಿದೆ."

"ನಿನ್ನ ವಾಚ್ ಬದಲಾಯಿಸಿದ್ಯಾ?"

ಬದಲಾಯಿಸಿರಲಿಲ್ಲ. ಅದು ಇನ್ನೂ ನೈರೋಬಿಯ ಬೆಳಗಿನ ಹತ್ತೂವರೆಯನ್ನೇ ತೋರಿಸುತ್ತಿತ್ತು. ಆರು ಗಂಟೆ ಕೂಡಿಸಿದರೆ ಫೋನು ಹೇಳಿದ್ದೇ ಸರಿ. ಗ್ಲೋಬು, ಟಾರ್ಚು, ಪರದೆ ಎಳೆದ ತರಗತಿ ಎಲ್ಲವೂ ಅವಳಿಗೆ ನೆನಪಾಯಿತು. ಆದರೂ ಕಿಟಕಿಯ ಆಚೆ ಇದ್ದದ್ದನ್ನು ಸಂಜೆ ನಾಲ್ಕೂವರೆ ಎಂದು ನಂಬಲು ಮೈ ಒಪ್ಪಲಿಲ್ಲ.

"ನಾಲ್ಕೂವರೆ ಆದ್ರೆ ಹುಡುಗಿ ಲೇಟ್ ಆಗಿಲ್ವಲ್ಲ" ಎಂದ ಸದಾಶಿವ.

"ಕತ್ತಲಾಗೋದ್ರೊಳಗೆ ಅಂದಿದ್ದೆ. ಕತ್ತಲಾಗಿದೆ."

"ಹಂಗಾದ್ರೆ ಲೇಟು."

"ಅವಳು ಆರೂವರೆ ಅಂತ ತಿಳ್ಕೊಂಡಿರ್ತಾಳೆ."

"ಹಂಗಾದ್ರೆ ಲೇಟಲ್ಲ. ನೀನೇ ತಾನೆ ಭೂಗೋಳದ ಟೀಚರ್ರು? ಯಾವುದು ಅಂತ ಹೇಳು."

ಮಗಳು ದಾರಿ ತಪ್ಪಿ ಕತ್ತಲಲ್ಲಿ ಸಿಕ್ಕಿಕೊಂಡಿದ್ದಾಳೋ, ಆರೂವರೆಯನ್ನು ನಂಬಿ ನೆಮ್ಮದಿಯಿಂದ ತಿರುಗುತ್ತಿದ್ದಾಳೋ, ಇಲ್ಲಿ ಕುಳಿತು ಹೇಳುವಂತಿರಲಿಲ್ಲ. ಒಪ್ಪಿ ಕಳಿಸಿದವಳು ತಾನು. ಅವಳು ಬೂಟು ಹಾಕಿಕೊಂಡಳು. ಅವಸರದಲ್ಲಿ ಇಂಟರ್ನೆಟ್ಟಿನ ಯಂತ್ರ ಚಾರ್ಜಿಗೆ ಸಿಕ್ಕಿಸಿದಲ್ಲೇ ಉಳಿಯಿತು.

ರಸ್ತೆಗೆ ಕಾಲಿಟ್ಟೊಡನೆ ಅವಳ ಕೈ ತಾನಾಗಿ ಚೀಲವನ್ನು ಕಂಕುಳಿಗೆ ಒತ್ತಿಕೊಂಡಿತು. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದಳು. ಏಳೆಂಟು ವರ್ಷದ ಹುಡುಗಿಯೊಬ್ಬಳು, ಬೆನ್ನಿಗೆ ಶಾಲೆಯ ಚೀಲ, ಹಿಮವನ್ನು ಒದೆಯುತ್ತ ಒಬ್ಬಳೇ ಬರುತ್ತಿದ್ದಳು. ಜೊತೆಗೆ ಯಾರೂ ಇರಲಿಲ್ಲ. ಕಾತ್ಯಾಯಿನಿ ನಿಂತು ಆ ಮಗುವಿನ ತಾಯಿಯನ್ನು ಹುಡುಕಿದಳು. ಮಗು ಇವರಿಬ್ಬರಿಗೂ ತಲೆಬಾಗಿ ನಮಸ್ಕರಿಸಿ ಮುಂದೆ ಹೋಯಿತು.

"ಇವರಿಗೆ ಬುದ್ಧಿ ಇಲ್ವಾ?" ಎಂದಳು ಕಾತ್ಯಾಯಿನಿ. ಸದಾಶಿವ ಜಾರದಂತೆ ನಡೆಯುವುದರಲ್ಲಿ ಮುಳುಗಿದ್ದ.

ಕೆಂಪು ಇಟ್ಟಿಗೆಯ ಉಗ್ರಾಣಗಳ ಹಿಂದೆ, ದಕ್ಕೆಯ ಅಂಚಿನಲ್ಲಿ ಶರ್ವಾಣಿ ಸಿಕ್ಕಳು. ದೋಣಿಯೊಂದರಿಂದ ಡಬ್ಬಗಳನ್ನು ಇಳಿಸುವವರನ್ನು ನೋಡುತ್ತ ನಿಂತಿದ್ದಳು. ಮೂಗು ಕೆಂಪಾಗಿತ್ತು. ತಂದೆತಾಯಿಯನ್ನು ಕಂಡು ಅವಳ ಮುಖ ಇಳಿಯಿತು.

"ಇಟ್ಸ್ ನಾಟ್ ಈವನ್ ಫೈವ್, ಅಮ್ಮ."

"ಕತ್ತಲಾಯ್ತು."

"ಡಾರ್ಕ್ ಅಂದ್ರೆ ಸಿಕ್ಸ್ ಥರ್ಟಿ. ನೀನು ಯಾವಾಗ್ಲೂ ಹೇಳೋದು ಅದೇ ತಾನೆ?"

ಕಾತ್ಯಾಯಿನಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು, ಅದಕ್ಕೇ ಬಂದಿದ್ದಳು. ಆದರೆ ಹುಡುಗಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ, ಮತ್ತು ತಪ್ಪಿಲ್ಲದ ಉತ್ತರಕ್ಕೆ ಅಂಕ ಕಡಿಯುವುದು ಅವಳಿಂದಾಗದು.

"ಆರೂವರೆಗೆ ಬಾ" ಎಂದು ತಿರುಗಿ ನಡೆದಳು.

"ಬಿಟ್ ಬರ್ತಿದೀಯಾ?" ಸದಾಶಿವ ಹಿಂದಿನಿಂದ ಕೇಳಿದ. "ಇಷ್ಟು ದೂರ ಜಾರ್ಕೊಂಡು ಬಂದಿದ್ದು ಬಿಟ್ ಹೋಗಕ್ಕಾ?"

ಹಿಮ ಜೋರಾಯಿತು. ಟ್ರಾಮ್ ಬಂತು, ಈ ಸಲ ಸರಿಯಾಗಿ ಹಿಂದಿನಿಂದ ಹತ್ತಿದರು. ಹತ್ತು ನಿಮಿಷವಾದರೂ ಹೋಟೆಲು ಬರಲಿಲ್ಲ, ದೀಪಗಳು ವಿರಳವಾದವು, ಕೊನೆಯ ನಿಲ್ದಾಣದಲ್ಲಿ ಚಾಲಕ ತಲೆಬಾಗಿ ಇಳಿಸಿದ. ಅದು ಊರಿನ ಇನ್ನೊಂದು ತುದಿ. ಹೋಟೆಲಿನ ಹೆಸರು ಇಬ್ಬರಿಗೂ ನೆನಪಿಗೆ ಬರಲಿಲ್ಲ. ಕಾರ್ಡು ಮಗಳ ಜೇಬಿನಲ್ಲಿತ್ತು, ಇಂಟರ್ನೆಟ್ಟು ಕೋಣೆಯ ಗೋಡೆಯಲ್ಲಿತ್ತು. ಸದಾಶಿವ ಅಂಗಡಿಯವಳೊಬ್ಬಳಿಗೆ ಕೈಸನ್ನೆಯಲ್ಲಿ ಲಿಫ್ಟು, ಮಂಚ, ಕಿಟಕಿ ಎಲ್ಲವನ್ನೂ ವರ್ಣಿಸಿದ. ಅವಳು ಬಹಳ ಗಮನವಿಟ್ಟು ಕೇಳಿ, ಒಂದು ಕೊಡೆ ತಂದುಕೊಟ್ಟಳು.

ರೈಲು ನಿಲ್ದಾಣ ಹುಡುಕಿ, ಅಲ್ಲಿಂದ ಬೆಳಗಿನ ದಾರಿ ಹಿಡಿದು ಹೋಟೆಲು ಮುಟ್ಟಿದಾಗ ಏಳೂಕಾಲು. ಶರ್ವಾಣಿ ಕೆಳಗಿನ ಹಜಾರದಲ್ಲಿ ಕೋಟು ಬಿಚ್ಚದೆ ನಿಂತಿದ್ದಳು. ಎದುರಿಗೆ ಹೋಟೆಲಿನ ಹುಡುಗಿ ಫೋನು ಹಿಡಿದು, ಕಾಣೆಯಾದ ಇಬ್ಬರ ವಿವರ ಬರೆದುಕೊಳ್ಳುತ್ತಿದ್ದಳು.

"ಸಿಕ್ಸ್ ಟ್ವೆಂಟಿಗೆ ಬಂದೆ ನಾನು" ಎಂದಳು ಶರ್ವಾಣಿ. "ನೀವು ಇಲ್ಲ. ಅಪ್ಪನ ಫೋನ್ ಹೋಗಲ್ಲ. ಐ ಡಿಡಂಟ್ ನೋ ಏನ್ ಮಾಡ್ಬೇಕು ಅಂತ."

"ಟ್ರಾಮ್ ಆ ಕಡೆಗೆ ಹೋಯ್ತು" ಎಂದಳು ಕಾತ್ಯಾಯಿನಿ. ಕುರ್ಚಿಯಲ್ಲಿ ಕುಳಿತು ಕೈಗಡಿಯಾರ ಬಿಚ್ಚಿ, ಹಜಾರದ ಗಡಿಯಾರ ನೋಡಿ ಮುಳ್ಳು ತಿರುಗಿಸಿದಳು.

"ನಾಳೆ ಎಷ್ಟು ಗಂಟೆಗೆ ಬರ್ತೀಯ?"

ಶರ್ವಾಣಿ ಮೂಗು ಒರೆಸಿಕೊಂಡಳು. "ನಾಳೇನೂ ಹೋಗ್ಬಹುದಾ?"

"ಗಂಟೆ ಹೇಳು."

"ಸಿಕ್ಸ್."

"ಆರಕ್ಕೆ ಕತ್ತಲಾಗಿರತ್ತೆ" ಎಂದ ಸದಾಶಿವ, ಕೊಡೆಯ ಹಿಮ ಕೊಡವುತ್ತ.

"ಆರು ಅಂದ್ರೆ ಆರು" ಎಂದಳು ಕಾತ್ಯಾಯಿನಿ, ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಳ್ಳುತ್ತ.