ಹೊಡೆಯದ ಅಲಾರಾಂ

ಹೊಸಪೇಟೆಯ ವೃದ್ಧಾಶ್ರಮವೊಂದರಿಂದ ನಮ್ಮ ಅಲಾರಾಂ ರಿಪೇರಿ ಕಂಪನಿಗೆ ಒಂದೇ ತಿಂಗಳಲ್ಲಿ ಮೂರನೇ ಸಲ ಕರೆ ಬಂತು. ಅಲ್ಲಿ ಬೀಳುವ ಭಯವಿರುವವರ ಹಾಸಿಗೆ ಕೆಳಗೆ ನಾವು ಪ್ಯಾಡ್ ಹಾಸಿರುತ್ತೇವೆ. ಅವರು ಎದ್ದು ಪ್ಯಾಡ್ ಮೇಲಿನ ಭಾರ ಹೋದರೆ ಅಲಾರಾಂ ಹೊಡೆಯುತ್ತದೆ, ನರ್ಸ್ ಓಡಿ ಬಂದು ಕೈ ಹಿಡಿಯುತ್ತಾರೆ. ಕಂಪ್ಲಿಯ ಈರಮ್ಮನವರ ಅಲಾರಾಂ ಮಾತ್ರ ಹೊಡೆಯುತ್ತಿರಲಿಲ್ಲ. ಇನ್ನೊಮ್ಮೆ ಬಿದ್ದರೆ ಅವರು ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಬಿಚ್ಚಿ ನೋಡಿದೆ, ಎಲ್ಲ ಸರಿಯಿತ್ತು. ನನ್ನ ಕೆಲಸದ ಮೇಲೆ ನನಗೆ ಅನುಮಾನವಿಲ್ಲ. ಹಾಗಾಗಿ ಬಾಗಿಲ ಹೊರಗೆ ನಿಂತು ಕಾದೆ. ಸ್ವಲ್ಪ ಹೊತ್ತಿಗೆ ಪಕ್ಕದ ಮಂಚದ ಗಂಗಮ್ಮ ಬಂದು ಈರಮ್ಮನ ಹಾಸಿಗೆ ಮೇಲೆ ಕೂತರು. ಆಮೇಲೆ ಈರಮ್ಮ ಎದ್ದು, ಗೋಡೆ ಹಿಡಿದು ಹೊರಟರು. ಭಾರ ಇದ್ದೇ ಇತ್ತಲ್ಲ, ಅಲಾರಾಂ ತೆಪ್ಪಗಿತ್ತು.

ನಾನು ಓಡಿ ಹೋಗಿ ತೋಳು ಹಿಡಿದೆ. "ಏನ್ರವಾ ಇದು?"

ಈರಮ್ಮ ತಲೆ ತಗ್ಗಿಸಿದರು. "ನಾ ಬಾತ್‌ರೂಮಿಗೆ ಹೋಗೋದು ಊರಿಗೆಲ್ಲ ಡಂಗುರ ಸಾರಬೇಕೇನಪಾ? ಗಂಡಸರೆಲ್ಲ ಇಣಿಕಿ ನೋಡ್ತಾರ. ಭಾಳ ನಾಚಿಕಿ ಆಗ್ತದ."

ಇದು ನನಗೆ ಹೊಳೆದೇ ಇರಲಿಲ್ಲ. ಕೋಣೆಯ ಸದ್ದು ತೆಗೆದು, ನರ್ಸ್ ಸೊಂಟದಲ್ಲಿ ಮೆಲ್ಲಗೆ ನಡುಗುವ ಪೇಜರ್‌ಗೆ ಜೋಡಿಸಿಕೊಟ್ಟೆ. ಈರಮ್ಮ ಎದ್ದು ನೋಡಿದರು. ಸದ್ದಿಲ್ಲ. ನರ್ಸ್ ಬಂದು, "ಬರ್ರಿ ಅಮ್ಮ" ಎಂದು ಕೈ ಕೊಟ್ಟರು.

"ಹಿಂಗಾದ್ರ ಇರ್ಲಿ ಬಿಡು," ಎಂದು ಈರಮ್ಮ ನಕ್ಕರು.

ಗಂಗಮ್ಮ ಮಾತ್ರ ಮುಖ ಊದಿಸಿದರು. "ಹಂಗಾರ ನನ್ನ ಡ್ಯೂಟಿ ಮುಗೀತೇನಪಾ?"

ಮಷೀನು ಬಂದರೆ ಜನರ ಕೆಲಸ ಹೋಗುತ್ತದೆ ಎಂದು ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.