ಶಿವಾಜಿನಗರದಿಂದ ತಂದ ಬೀಟೆ ಹಲಗೆ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನ ಜೊತೆ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದೆ. ನಾನು ಕಟ್ಟಲಿರುವ ಮೊದಲ ಗಿಟಾರಿನ ಬೆನ್ನಿಗೆ ಮರ ಆರಿಸಬೇಕಿತ್ತು. ಅಪ್ಪ ಮೂವತ್ತು ವರ್ಷ ಸಾಮಿಲ್ಲಿನಲ್ಲಿ ದಿಮ್ಮಿ ಸೀಳಿ ನನ್ನನ್ನು ಬಿ.ಕಾಂ. ಓದಿಸಿದವರು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಗರಗಸದ ಸದ್ದಿಗೆ ಅಪ್ಪನ ಎರಡೂ ಕಿವಿ ಹೋದವು. ಈಗ ತುಟಿ ನೋಡಿ ಮಾತು ಹಿಡಿಯುತ್ತಾರೆ. ನನ್ನ ಗಿಟಾರನ್ನು ಅವರು ಕೇಳಬೇಕೆಂಬ ಆಸೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಹಲಸೂರಿನಲ್ಲಿ ಇಳಿದು ಶಿವಾಜಿನಗರಕ್ಕೆ ಆಟೋ ಹಿಡಿದೆವು. ಎಂಬತ್ತು ರೂಪಾಯಿ. ಮೋಡವಿತ್ತು, ಮಳೆಯಿರಲಿಲ್ಲ. ಕರೀಮ್ ಸಾಹೇಬರ ಅಂಗಡಿಯ ತುಂಬ ಕೆಡವಿದ ಬಂಗಲೆಗಳ ಬಾಗಿಲು, ತೊಲೆ. ಟೀ, ಖಾರಾ ಬನ್ನು ತರಿಸಿಕೊಟ್ಟು, ಎರಡು ಬೀಟೆ ಹಲಗೆ ಹೊರಗೆಳೆದರು.

ನನಗೆ ಗಿಟಾರು ಕಟ್ಟುವುದನ್ನು ಕಲಿಸುತ್ತಿರುವ ಹಲಸೂರಿನ ಆಂಟನಿ ಮಾಸ್ಟರು ತೋರಿಸಿಕೊಟ್ಟಂತೆ, ಹಲಗೆಯ ಅಂಚನ್ನು ಬೆರಳಲ್ಲಿ ಹಿಡಿದು ತೂಗಿಸಿ ಗೆಣ್ಣಿನಿಂದ ಬಡಿದೆ. ಮೊದಲನೆಯದು ಕಂಚಿನ ಬಟ್ಟಲಿನ ಹಾಗೆ ಉಲಿಯಿತು. ಎರಡನೆಯದರಲ್ಲಿ ಮೊಳೆಯ ತೂತುಗಳು, ಸದ್ದೂ ಮಂಕು.

ಅಪ್ಪ ಎರಡನ್ನೂ ಒಂದೊಂದಾಗಿ ಎದೆಗೆ ಒತ್ತಿ ಹಿಡಿದು, "ಈಗ ಬಡಿ" ಅಂದರು.

ಸಾಹೇಬರು ನಕ್ಕರು. "ಏನಮ್ಮಾ, ನಿಮ್ಮಪ್ಪ ಮರಾನ ತಬ್ಕೊಂಡು ನೋಡ್ತಾರೆ. ನಿಕಾ ಮಾಡ್ಸೋಣ್ವಾ?"

ಅಪ್ಪ ಅವರ ತುಟಿ ನೋಡುತ್ತಲೇ ಇದ್ದರು. "ಮಾಡ್ಸಿ ಸಾಬ್ರೇ. ವರದಕ್ಷಿಣೆಗೆ ಈ ತೊಲೆ ಕೊಡಿ." ಆಮೇಲೆ ನನ್ನತ್ತ ತಿರುಗಿ ತೂತಿನ ಹಲಗೆ ತಟ್ಟಿದರು. "ಇದು."

"ಮೊದಲನೇದೇ ಚೆನ್ನಾಗಿ ಉಲಿಯುತ್ತಲ್ಲಪ್ಪಾ."

"ಜನಕ್ಕೆ ಉಲೀಬೋದು ಕುಸುಮಾ. ನಂಗೆ ಇದೇ ಎದೆ ಒಳಗ್ ಬರೋದು."

"ಮೊದಲನೇದು ಬಿಡ್ಬೇಡಿ ಅಮ್ಮಾ, ಸೋಮವಾರಕ್ಕೆ ಇರಲ್ಲ," ಎಂದು ಸಾಹೇಬರು ಎಚ್ಚರಿಸಿದರು. ಅದು ನಿಜವೆಂದು ನನಗೂ ಗೊತ್ತಿತ್ತು. ತೂತಿನ ಹಲಗೆಯನ್ನೇ ಗೋಣಿಯಲ್ಲಿ ಸುತ್ತಿಸಿಕೊಂಡೆ.

ಹಲಸೂರಿಗೆ ಮರಳಿ ಮಾಸ್ಟರ ಕಾರ್ಯಾಗಾರ ಮುಟ್ಟಿದಾಗ ಹನ್ನೆರಡು. ಮಾಸ್ಟರು ಬಡಿದು ನೋಡಿ ಮುಖ ಕಿವುಚಿದರು. "ಇದಕ್ಕಾ ಅಷ್ಟು ದೂರ ಹೋಗಿದ್ದು?"

ಕಾರಣ ಹೇಳಿದೆ. ಅವರು ತೂತುಗಳನ್ನು ಬಿಟ್ಟು ಗೆರೆ ಎಳೆದು, ಹಲಗೆಯನ್ನು ಗರಗಸದ ಯಂತ್ರಕ್ಕೆ ಕೊಟ್ಟರು. ಯಾರೂ ಕರೆಯದಿದ್ದರೂ ಅಪ್ಪ ಆಚೆ ಬದಿಗೆ ಹೋಗಿ ನಿಂತು, ಸೀಳಿ ಬಂದ ತೆಳು ಹಾಳೆಗಳನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡರು. ಪುಸ್ತಕ ತೆರೆದಂತೆ ಪಕ್ಕಪಕ್ಕ ಇಟ್ಟಾಗ ಮರದ ಗೆರೆಗಳು ಎರಡೂ ಕಡೆ ಒಂದೇ ಸಮನಾಗಿ ಕೂಡಿದವು.

"ಎರಡು ಮಳೆಗಾಲ ಕಳೀಲಿ," ಎಂದರು ಮಾಸ್ಟರು. "ಹಳೇ ಮರ ಆದ್ರೂ ಸೀಳಿದ್ಮೇಲೆ ಚೆನ್ನಾಗಿ ಒಣಗದೆ ಅಂಟು ಹಾಕಂಗಿಲ್ಲ."

ಅಪ್ಪ ನನ್ನ ತುಟಿ ನೋಡಿದರು. ಎರಡು ವರ್ಷ ಎಂದೆ.

"ಅಲ್ಲೀತನಕ ನಾನೆಲ್ಲಿ ಹೋಗ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡರು. ಅವರಿಗೆ ಎಪ್ಪತ್ತಮೂರು.

ಅವರು ಕಂಬಿ ಹಿಡಿದು ಮೆಟ್ಟಿಲಿಳಿಯುವವರೆಗೆ ಕಾದು ಕೇಳಿದೆ. "ಒಂದು ಮಳೆಗಾಲ ಸಾಲ್ದಾ ಮಾಸ್ಟರ್?"

"ಬಿರುಕು ಬಿಡುತ್ತಮ್ಮಾ."

ಬೀದಿಗೆ ಬಂದು ಒಮ್ಮೆ ತಿರುಗಿ ನೋಡಿದೆ. ಮಾಸ್ಟರು ಕಿಟಕಿಯ ಪಕ್ಕದ ಗೂಡಿನಿಂದ ತಮ್ಮ ಸ್ವಂತದ ಹಾಳೆಗಳನ್ನು ಇಳಿಸಿ, ಹೆಚ್ಚು ಗಾಳಿಯಾಡುವ ಆ ಜಾಗದಲ್ಲಿ ನಮ್ಮವನ್ನು ಇಡುತ್ತಿದ್ದರು.